ಓದಿ ಹೇಳಲಾಗಿದೆ

ಎಣ್ಣೆ ಹಚ್ಚಿಕೊಂಡು ಬಚ್ಚಲ ಮುಂದೆ ಮಣೆ ಹಾಕಿ ಕೂತ ಮುನಿವೆಂಕಟಪ್ಪನಿಗೆ ಇವತ್ತೂ ಸುಖವಾಗಿಯೇ ಇದೆಯಲ್ಲ ಎಂಬುದೇ ಒಂದು ಕಸಿವಿಸಿಯಾಗಿತ್ತು. ಶನಿವಾರ, ಕೋರ್ಟಿಗೆ ರಜ. ಪುಷ್ಯದ ಎಳೆಬಿಸಿಲು ಬೆನ್ನ ಮೇಲೆ ಬಿದ್ದಿದೆ, ಹಂಡೆಯ ಕೆಳಗೆ ಹುಣಸೆ ಕೊರಡು ನಿಧಾನವಾಗಿ ಉರಿಯುತ್ತಿದೆ, ಒಳಗೆ ಹೆಂಡತಿ ರಾಮಲಕ್ಷ್ಮಮ್ಮ ನೆನೆಹಾಕಿದ ಅವರೆಕಾಳನ್ನು ಹಿತುಕುತ್ತಿರುವ ಸದ್ದು ಕೇಳುತ್ತಿದೆ. ಹಿತುಕಿದ ಬೇಳೆಯ ಸಾರು, ಬಿಸಿ ಮುದ್ದೆ, ಆಮೇಲೆ ಒಂದು ಗಳಿಗೆ ನಿದ್ದೆ. ಐವತ್ತೆಂಟು ವರ್ಷದ ಮೈ ಇದನ್ನೆಲ್ಲ ಒಂದೊಂದಾಗಿ ಎದುರು ನೋಡುತ್ತ ತನ್ನಷ್ಟಕ್ಕೆ ಹಿಗ್ಗುತ್ತಿತ್ತು. ಒಬ್ಬ ಮನುಷ್ಯನ ಅನ್ನ ಕಿತ್ತುಕೊಳ್ಳಬೇಕೋ ಬೇಡವೋ ಎಂದು ಸಂಜೆಯೊಳಗೆ ಬರೆದು ಕೊಡಬೇಕಾದವನಿಗೆ ಇಷ್ಟು ಸುಖ ಇರಬಾರದು ಎಂದು ಅವನು ತನಗೆ ತಾನೇ ಹೇಳಿಕೊಂಡ. ಮೈ ಕೇಳಲಿಲ್ಲ. ಅದಕ್ಕೆ ಯಾವತ್ತೂ ಕಾನೂನು ತಿಳಿಯದು.

ಗುರುವಾರ ಮುನ್ಸೀಫರು ಅವನನ್ನು ಒಳಗೆ ಕರೆಸಿ, ಕುರ್ಚಿ ತೋರಿಸಿ, ಬಾಗಿಲು ಮುಚ್ಚಿಸಿ ಹೇಳಿದ್ದರು: ಕಿರಿಯ ವಕೀಲ ಪಂಚಾಪಕೇಶನ್ ಮೇಲಿನ ವಿಚಾರಣೆ ಮುಗಿದಿದೆ, ತಪ್ಪನ್ನು ಅವನೇ ಒಪ್ಪಿಕೊಂಡಿದ್ದಾನೆ, ಇನ್ನು ಹೈಕೋರ್ಟಿಗೆ ವರದಿ ಕಳಿಸುವುದೊಂದೇ ಬಾಕಿ. ಎಷ್ಟು ಶಿಕ್ಷೆ ಎನ್ನುವುದರ ಬಗ್ಗೆ ವಕೀಲರ ಸಂಘದ ಅಧ್ಯಕ್ಷರಾಗಿ ನಿಮ್ಮ ಅಭಿಪ್ರಾಯ ಬರೆದು ಕೊಡಿ. ನನ್ನ ಮನಸ್ಸಿನಲ್ಲಿ ವಕೀಲಿಯ ಸನ್ನದು ಕಿತ್ತುಹಾಕಬೇಕು ಅಂತಲೇ ಇದೆ, ಇನ್ನು ಅವನು ಯಾವ ಕೋರ್ಟಿನಲ್ಲೂ ನಿಲ್ಲಕೂಡದು. ನೀವು ಅಷ್ಟು ಬೇಡ ಎಂದರೆ ಯೋಚಿಸುತ್ತೇನೆ. ಹಾಗೆ ಹೇಳಿ ಮುನ್ಸೀಫರು ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ನೀವು ಹಿರಿಯರು, ಮೂವತ್ತು ವರ್ಷದಿಂದ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವರಲ್ಲ, ಅಂತಲೂ ಅಂದಿದ್ದರು. ಆಗ ಮುನಿವೆಂಕಟಪ್ಪನಿಗೆ ಹೆಮ್ಮೆಯಾಗಿತ್ತು. ಕೋರ್ಟಿನ ಮೆಟ್ಟಿಲಿಳಿಯುವಾಗಲೂ ಆ ಹೆಮ್ಮೆ ಇತ್ತು. ಮನೆಯ ಹತ್ತಿರ ಬರುವಾಗ ಮಾತ್ರ, ಚಪ್ಪಲಿಯೊಳಗೆ ಮುಳ್ಳು ಸೇರಿಕೊಂಡ ಹಾಗೆ, ಏನೋ ಚುಚ್ಚತೊಡಗಿತ್ತು.

ನಡೆದದ್ದು ಒಂದು ಮಾತಿನ ತಪ್ಪು. ಗುಮ್ಮಳಾಪುರದ ಅಕ್ಕಯಮ್ಮನ ಗಂಡ ಸತ್ತ ಮೇಲೆ ಮೈದುನ ಬಚ್ಚಪ್ಪ ಪಾಲಿಗೆ ದಾವಾ ಹಾಕಿದ. ಊರಿನ ಹಿರಿಯರು ಕೂತು ರಾಜಿ ಮಾಡಿಸಿದರು: ಮನೆ ಹಿಂದಿನ ಹಿತ್ತಲು ಬಚ್ಚಪ್ಪನಿಗೆ, ಕೊಟ್ಟಿಗೆ ಕಟ್ಟಿಕೊಳ್ಳಲಿ, ಎರಡೆಕರೆ ರಾಗಿ ಹೊಲ ಅಕ್ಕಯಮ್ಮನಿಗೆ. ಅಕ್ಕಯಮ್ಮನ ಕಡೆ ವಕೀಲ ಪಂಚಾಪಕೇಶನ್. ಕಾವೇರಿ ಬಯಲಿನ ಹುಡುಗ, ಕುಂಭಕೋಣದ ಹತ್ತಿರದವನು, ಕನ್ನಡ ಒಂದಕ್ಷರ ಬಾರದು. ಅವಳು ಹಿತ್ತಲು ಅಂದಳು, ಕೈ ಹಿಂದಕ್ಕೆ ಮಾಡಿ ತೋರಿಸಿದಳು, ಮನೆಯ ಹಿಂದಿನ ಜಾಗ ಎಂದು ಅವನಿಗೆ ಸರಿಯಾಗಿಯೇ ತಿಳಿಯಿತು. ಅಲ್ಲಿಯ ಕೋರ್ಟಿಗೆ ರಾಜಿ ಅರ್ಜಿ ತಮಿಳಿನಲ್ಲಿ; ತಿಳಿದದ್ದನ್ನು ತನ್ನ ಊರಿನ ತಮಿಳಿನಲ್ಲಿ ಬರೆದ: ಕೊಲ್ಲೈ ಬಚ್ಚಪ್ಪನಿಗೆ, ಉಳಿದದ್ದು ಅಕ್ಕಯಮ್ಮನಿಗೆ. ಅವನ ಊರಲ್ಲಿ ಕೊಲ್ಲೈ ಎಂದರೆ ಹಿತ್ತಲು. ಕೃಷ್ಣಗಿರಿ ಸೀಮೆಯ ತಮಿಳಿನಲ್ಲಿ ಕೊಲ್ಲೈ ಎಂದರೆ ಮಳೆ ನಂಬಿ ಬಿತ್ತುವ ಹೊಲ. ಎದುರು ಕಡೆಯ ಗುಮಾಸ್ತ ಸರ್ವೆ ನಂಬರು ತುಂಬುವಾಗ ಹೊಲದ ನಂಬರನ್ನೇ ತುಂಬಿದ. ಹಿತ್ತಲಿಗೆ ಎಲ್ಲಿಯ ನಂಬರು? ಡಿಕ್ರಿಯಾಯಿತು. ಕೋರ್ಟಿನ ಅಮೀನ ಬಂದು ಹೊಲ ಅಳೆದು ಬಚ್ಚಪ್ಪನಿಗೆ ಕೊಟ್ಟ. ಅಕ್ಕಯಮ್ಮ ಬಿತ್ತನೆಗೆ ಹದ ಮಾಡಿಟ್ಟಿದ್ದ ನೆಲದಲ್ಲಿ ಬಚ್ಚಪ್ಪ ರಾಗಿ ಬಿತ್ತಿದ, ಕೊಯ್ದ, ಬಡಿದ, ಮನೆ ತುಂಬಿಸಿಕೊಂಡ.

ಇಷ್ಟೇ ಆಗಿದ್ದರೆ ಯಾರೂ ಪಂಚಾಪಕೇಶನ್‌ನನ್ನು ಕೇಳುತ್ತಿರಲಿಲ್ಲ. ಮಾತು ತಪ್ಪುವುದು ಮನುಷ್ಯನಿಗೆ ಸಹಜ. ಆದರೆ ಆ ರಾಜಿ ಅರ್ಜಿಯ ಕೊನೆಯಲ್ಲಿ, ಅಕ್ಕಯಮ್ಮನ ಹೆಬ್ಬೆಟ್ಟಿನ ಕೆಳಗೆ, ವಕೀಲ ರುಜು ಹಾಕಬೇಕಾದ ಒಂದು ಸಾಲಿದೆ: ಮೇಲಿನದೆಲ್ಲವನ್ನೂ ಕಕ್ಷಿಗಾರಳಿಗೆ ಅವಳ ಮಾತಾದ ಕನ್ನಡದಲ್ಲಿ ಓದಿ ಹೇಳಲಾಗಿದೆ, ಅವಳು ತಿಳಿದು ಒಪ್ಪಿದ್ದಾಳೆ. ಪಂಚಾಪಕೇಶನ್ ರುಜು ಹಾಕಿದ್ದ. ಕನ್ನಡ ಬಾರದವನು ಕನ್ನಡದಲ್ಲಿ ಓದಿ ಹೇಳಿದೆನೆಂದು ಕೋರ್ಟಿಗೆ ಬರೆದುಕೊಟ್ಟಿದ್ದ. ಕನ್ನಡ ಹಾಳಾಗಲಿ, ಬರೆದ ತಮಿಳನ್ನೇ ಗಟ್ಟಿಯಾಗಿ ಓದಿದ್ದರೂ ಸಾಕಿತ್ತು; ಗಡಿಯ ಊರಿನವಳು, ಕೊಲ್ಲೈ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಎದ್ದು ನಿಲ್ಲುತ್ತಿದ್ದಳು. ಅವನು ಓದಲೇ ಇಲ್ಲ. ಆಮೇಲೆ ವಿಷಯ ಗೊತ್ತಾದಾಗ ಅವನೇ ಕೋರ್ಟಿನಲ್ಲಿ ನಿಂತು, ನಾನು ಓದಿ ಹೇಳಿಲ್ಲ, ಸುಳ್ಳು ರುಜು ಹಾಕಿದ್ದೇನೆ ಎಂದ. ಅದರಿಂದಲೇ ಡಿಕ್ರಿ ರದ್ದಾಯಿತು, ಹೊಲ ಅಕ್ಕಯಮ್ಮನಿಗೆ ವಾಪಸಾಯಿತು. ಹೋದ ಬೆಳೆ ಮಾತ್ರ ಹೋಯಿತು.

"ನೀರು ಆರೋಯ್ತದೆ, ಏಳಿ" ಎಂದು ರಾಮಲಕ್ಷ್ಮಮ್ಮ ಒಳಗಿಂದ ಕೂಗಿದಳು. ಮುನಿವೆಂಕಟಪ್ಪ ಎದ್ದು, ತಲೆಗೆ ಸೀಗೆಪುಡಿ ತಿಕ್ಕಿಕೊಂಡು, ಕಣ್ಣು ಮುಚ್ಚಿ ಬಿಸಿನೀರು ಸುರಿದುಕೊಂಡ. ಮುಚ್ಚಿದ ಕಣ್ಣೊಳಗೆ ಮೂರು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಕೋರ್ಟಿನ ಆವರಣದ ಬೇವಿನ ಮರದ ಕೆಳಗೆ ತಾನು ಕೂತು ಬಿಸಿ ಬಿಸಿ ಬೋಂಡ ತಿನ್ನುತ್ತಿದ್ದಾನೆ. ಬಂದು ಎರಡು ವಾರವೂ ಆಗದ ಪಂಚಾಪಕೇಶನ್, ಕರಿ ಕೋಟಿನ ತೋಳು ಉದ್ದವಾಗಿ ಬೆರಳು ಮುಚ್ಚಿದೆ, ಕೈಯಲ್ಲಿ ಒಂದು ಕಾಗದ ಹಿಡಿದು ನಿಂತಿದ್ದಾನೆ. ಸಾರ್, ಕನ್ನಡದಲ್ಲಿ ಓದಿ ಹೇಳಿದೆ ಅಂತ ಇದೆ, ನನಗೆ ಕನ್ನಡ ಬರುವುದಿಲ್ಲ, ಹೇಗೆ ರುಜು ಹಾಕಲಿ? ತಾನು ನಕ್ಕ. ಬಾಯ್ತುಂಬ ಬೋಂಡ ಇಟ್ಟುಕೊಂಡೇ ನಕ್ಕು ತಮಿಳಿನಲ್ಲಿ ಹೇಳಿದ. "ಓದಿ ಹೇಳ್ತಾ ಕೂತ್ರೆ ಕತ್ತಲಾಗ್ತದೆ ಕಣಪ್ಪ. ನಾನು ಇಷ್ಟು ವರ್ಷದಲ್ಲಿ ಯಾರಿಗೆ ಓದಿ ಹೇಳಿದೀನಿ? ಹಾಕು, ಹಾಕು." ಆ ಹುಡುಗ ಬೇವಿನ ಮರಕ್ಕೆ ಕಾಗದ ಒತ್ತಿ ರುಜು ಹಾಕಿದ. ಅವನ ಮುಖದಲ್ಲಿ ಒಂದು ನೆಮ್ಮದಿ ಕಂಡಿತ್ತು, ಹಿರಿಯರೊಬ್ಬರು ಹೇಳಿದರಲ್ಲ ಎಂದು. ಅದೊಂದು ಬೇರೆ ಯಾವುದೋ ಕೇಸಿನ ಕಾಗದ. ಮುನಿವೆಂಕಟಪ್ಪನಿಗೆ ಬೋಂಡದ ರುಚಿ ಈಗಲೂ ನೆನಪಿತ್ತು, ಈರುಳ್ಳಿ ಸ್ವಲ್ಪ ಹೆಚ್ಚಾಗಿತ್ತು. ಸೀಗೆಪುಡಿ ಕಣ್ಣಿಗೆ ಇಳಿದು ಉರಿಯಿತು. ಉರಿದದ್ದು ಒಳ್ಳೆಯದೇ ಆಯಿತು ಎನ್ನಿಸಿತು.

ಸ್ನಾನ ಮುಗಿಸಿ, ಒಗೆದ ಪಂಚೆಯುಟ್ಟು, ಬರೆಯುವ ಕೋಣೆಗೆ ಬಂದು ಕೂತ. ಯುದ್ಧ ಶುರುವಾದಾಗಿನಿಂದ ಒಳ್ಳೆಯ ಕಾಗದ ಸಿಗುವುದಿಲ್ಲ. ಇರುವ ನಾಲ್ಕು ಹಾಳೆಯನ್ನು ಹಾಳು ಮಾಡುವಂತಿಲ್ಲ. ಆದರೂ ಒಂದು ಹಾಳೆ ಎಳೆದುಕೊಂಡು ಇಂಗ್ಲಿಷಿನಲ್ಲಿ ಬರೆದ: ವಕೀಲನ ರುಜುವೇ ಸುಳ್ಳಾದರೆ ಕೋರ್ಟು ನಿಲ್ಲುವುದು ಯಾವುದರ ಮೇಲೆ? ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇಂಥವನನ್ನು ವೃತ್ತಿಯಿಂದ ತೆಗೆಯುವುದೇ ಸರಿ. ಓದಿ ನೋಡಿದ. ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದಕ್ಕೇ ನಾಚಿಕೆಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವನು ಕಟಕಟೆಯಲ್ಲಿ ಎಷ್ಟು ಜನರನ್ನು ನೋಡಿಲ್ಲ? ಈಗ ತನ್ನ ಹೆಗಲ ಮೇಲೇ ಕಾಯಿಯ ಬೂದಿಯಿದೆ, ಇನ್ನೊಬ್ಬನ ಹೆಗಲು ತೋರಿಸುತ್ತಿದ್ದಾನೆ. ಆ ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಬರೆದ: ಚಿಕ್ಕ ವಯಸ್ಸು, ದುರುದ್ದೇಶವಿಲ್ಲ, ತಾನೇ ಒಪ್ಪಿಕೊಂಡಿದ್ದಾನೆ, ಒಂದು ಎಚ್ಚರಿಕೆ ಸಾಕು. ಇದೂ ಚೆನ್ನಾಗಿಯೇ ಇತ್ತು. ಆದರೆ ಎಚ್ಚರಿಕೆ ಸಾಕು ಎನ್ನುವಾಗ ಅವನ ಕೈ ಯಾರ ತಲೆ ಸವರುತ್ತಿದೆ ಎಂದು ಅವನಿಗೇ ತಿಳಿದುಹೋಯಿತು. ಕಠಿಣವಾಗಿ ಬರೆದರೆ ತನ್ನನ್ನು ಮುಚ್ಚಿಟ್ಟುಕೊಂಡ ಹಾಗೆ, ಮೃದುವಾಗಿ ಬರೆದರೆ ತನ್ನನ್ನು ಕ್ಷಮಿಸಿಕೊಂಡ ಹಾಗೆ. ಅತ್ತ ದರಿ, ಇತ್ತ ಪುಲಿ. ಈ ನಡುವೆಯೂ ಒಳಗಿಂದ ಒಗ್ಗರಣೆಯ ವಾಸನೆ ಬಂದದ್ದು ಅವನಿಗೆ ಸರಿಯಾಗಿಯೇ ಗೊತ್ತಾಯಿತು.

ಬಾಗಿಲಲ್ಲಿ ಕೆಮ್ಮಿದ ಸದ್ದು. ಪಂಚಾಪಕೇಶನ್ ನಿಂತಿದ್ದ, ಕಂಕುಳಲ್ಲಿ ಎರಡು ಪುಸ್ತಕ. ಮುನಿವೆಂಕಟಪ್ಪ ಹಾಳೆಯ ಮೇಲೆ ಕೈಯಿಟ್ಟ. ಇಟ್ಟ ಮೇಲೆ, ಯಾವ ಕಡೆ ಮೇಲಿದೆ ಎಂದು ಮರೆತುಹೋಯಿತು. "ನಿಮ್ಮ ಪುಸ್ತಕ ಸಾರ್, ಕೊಟ್ಟು ಹೋಗೋಣ ಅಂತ ಬಂದೆ" ಎಂದ ಹುಡುಗ ತಮಿಳಿನಲ್ಲಿ. ಮೊದಲಿಗಿಂತ ಬಡವಾಗಿದ್ದ, ಆದರೆ ಕ್ಷೌರ ಮಾಡಿಕೊಂಡು ಹಣೆಗೆ ವಿಭೂತಿ ಇಟ್ಟು ಶುಭ್ರವಾಗಿ ಬಂದಿದ್ದ. ಕೂತುಕೋ ಎಂದರೆ ಕೂರಲಿಲ್ಲ. ಮುನಿವೆಂಕಟಪ್ಪ ಮೂರು ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿಬಿಟ್ಟ. ವಿಚಾರಣೆಯಲ್ಲಿ ನೀನು ನನ್ನ ಹೆಸರು ಹೇಳಲಿಲ್ಲವಲ್ಲ, ಯಾಕೆ? ಮರೆತುಬಿಟ್ಟೆಯಾ? ಹುಡುಗ ನೆಲ ನೋಡಿದ. ಮರೆತಿಲ್ಲ ಸಾರ್, ಬೇವಿನ ಮರ, ಬೋಂಡ, ಎಲ್ಲ ನೆನಪಿದೆ. ಆದರೆ ಆ ರುಜು ಹಾಕಿದ ಕೈ ನನ್ನದಲ್ಲವೇ? ಅಷ್ಟು ಹೇಳಿ, ಏನೋ ನೆನಪಾದವನಂತೆ, ಕನ್ನಡದಲ್ಲಿ ನಿಧಾನವಾಗಿ ಜೋಡಿಸಿ ಹೇಳಿದ: "ಈಗ ಕನ್ನಡ ಕಲಿತಾ ಇದ್ದೀನಿ ಸಾರ್. ಹಿತ್ತಲು. ಹೊಲ. ಬೇರೆ ಬೇರೆ." ಅವನು ತಪ್ಪು ಹೊರಿಸಲು ಬಂದಿರಲಿಲ್ಲ, ಬೇಡಿಕೊಳ್ಳಲೂ ಬಂದಿರಲಿಲ್ಲ. ಪುಸ್ತಕ ಕೊಡಲು ಬಂದಿದ್ದ. ಅದನ್ನು ತಾಳಿಕೊಳ್ಳುವುದು ಮುನಿವೆಂಕಟಪ್ಪನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಹುಡುಗ ಹೋದ ಮೇಲೆ ಕೈ ತೆಗೆದು ನೋಡಿದರೆ ಮೇಲಿದ್ದದ್ದು ಸನ್ನದು ಕಿತ್ತುಹಾಕಿ ಎಂದು ಬರೆದ ಕಡೆ.

ಊಟ ಮಾತ್ರ ಚೆನ್ನಾಗಿಯೇ ಆಯಿತು. ಎರಡು ಮುದ್ದೆ ಇಳಿಯಿತು. ಮೂರನೆಯದು ಬೇಡ ಎಂದಾಗ ರಾಮಲಕ್ಷ್ಮಮ್ಮ ಅವನ ಮುಖ ನೋಡಿ, "ಏನೋ ಮನಸ್ಸಲ್ಲಿಟ್ಕೊಂಡಿದೀರಿ, ಇಲ್ಲಾಂದ್ರೆ ಅವರೆಬೇಳೆ ಸಾರಿಗೆ ಎರಡಕ್ಕೆ ನಿಲ್ಲೋರಲ್ಲ" ಎಂದಳು. ಅವನು ನಕ್ಕ. ಅವಳ ಎದುರಿಗೆ ಕೂತು ತಿನ್ನುವಾಗ ಅವನಿಗೆ ಯಾವತ್ತೂ ಇರುವ ನೆಮ್ಮದಿ ಇತ್ತು, ಇದನ್ನು ತಾನು ಗಳಿಸಿದ್ದಲ್ಲ ಎಂದು ಗೊತ್ತಿದ್ದರೂ ಇತ್ತು. ಬಾಗಲೂರಿನಲ್ಲಿ ಅವನಪ್ಪ ಹೊಲ ಉತ್ತು ಮಗನನ್ನು ಓದಿಸಿದ. ಮಗ ಕೈಯಲ್ಲಿ ಪೆನ್ನು ಹಿಡಿದು ದಪ್ಪಗಾದ. ಅವ್ವನಿಗೆ ಓದು ಬರುತ್ತಿರಲಿಲ್ಲ. ಯಾವ ಕಾಗದ ಬಂದರೂ ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಹಿಡಿದು ತಿರುಗಿಸಿ ನೋಡಿ, ಓದ್ಲಾ ಮುನಿಯ, ಎಂದು ಅವನಿಗೆ ಕೊಡುತ್ತಿದ್ದಳು. ಎಂಟು ವರ್ಷದವನು ಗಟ್ಟಿಯಾಗಿ ಓದುತ್ತಿದ್ದ, ತಿಳಿಯದ ಕಡೆ ಹಾರಿಸುತ್ತಿದ್ದ. ಹಾರಿಸಿದ್ದು ಅವಳಿಗೆ ಗೊತ್ತಾಗುತ್ತಿರಲಿಲ್ಲ ಎಂದೇ ಅವನು ಅಂದುಕೊಂಡಿದ್ದ. ಕೈ ತೊಳೆದು ಜಗಲಿಗೆ ಬಂದಾಗ ಅಲ್ಲಿ ಕಂಬಕ್ಕೆ ಒರಗಿ ಒಬ್ಬ ಹೆಂಗಸು ಕೂತಿದ್ದಳು.

ಅಕ್ಕಯಮ್ಮ. ಕೋರ್ಟಿನಲ್ಲಿ ದೂರದಿಂದ ನೋಡಿದ್ದ ಮುಖ. ಡೆಂಕಣಿಕೋಟೆಯಿಂದ, ಪೆಟ್ರೋಲಿಗೆ ಬದಲು ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿ, ಅದು ಎರಡು ಕಡೆ ಉಸಿರು ಕಟ್ಟಿ ನಿಂತು, ಬೆಳಿಗ್ಗೆ ಹೊರಟವಳು ಈಗ ಬಂದಿದ್ದಳು. ಸೀರೆಯ ಮೇಲೆಲ್ಲ ಇದ್ದಿಲ ಮಸಿ. ಅವನ ಗುಮಾಸ್ತ ದಾಸಪ್ಪ ಅವಳ ಪಕ್ಕದ ಊರಿನವನು, ಅವನ ಬಾಯಿಂದ ಸುದ್ದಿ ಹೋಗಿದೆ. ಅವಳು ಎದ್ದು ಕೈ ಮುಗಿಯಲಿಲ್ಲ, ಸುಮ್ಮನೆ ಸ್ವಲ್ಪ ಸರಿದು ಕೂತಳು, ಅವನ ಮನೆ ಜಗಲಿಯಲ್ಲಿ ಅವನಿಗೇ ಜಾಗ ಕೊಡುವವಳ ಹಾಗೆ.

"ನನ್ನ ವಿಷ್ಯಾ ಏನೋ ಬರೀತಿದ್ದೀಯಂತೆ, ಲಾಯರಣ್ಣ."

"ನಿನ್ನ ವಿಷಯ ಅಲ್ಲ ಕಣಮ್ಮ. ಆ ವಕೀಲರ ವಿಷಯ. ಅವರಿಗೆ ಎಷ್ಟು ಶಿಕ್ಷೆ ಆಗ್ಬೇಕು ಅಂತ."

"ಎರಡೂ ಒಂದೇಯ. ಬರ್ದಿದ್ನ ನಂಗೆ ಓದಿ ಹೇಳು. ಇನ್ನು ಓದಿ ಹೇಳ್ದೆ ನನ್ನ ವಿಷ್ಯದಾಗೆ ಯಾವ ಕಾಗ್ದಾನೂ ಹೋಗ್ಕೂಡ್ದು."

ಅವನಿಗೆ ಸಿಟ್ಟು ಬರಬೇಕಾಗಿತ್ತು. ಗುಟ್ಟಿನ ಅಭಿಪ್ರಾಯ, ಮುನ್ಸೀಫರಿಗೆ ಹೋಗುವಂಥದ್ದು. ಬರಲಿಲ್ಲ. ಇನ್ನೂ ಬರೆದಿಲ್ಲ ಎಂದ. ಅದು ನಿಜವೂ ಆಗಿತ್ತು, ಸುಳ್ಳೂ ಆಗಿತ್ತು. ಅವಳನ್ನೇ ಕೇಳಿದ: ನಿನಗೆ ಏನನ್ನಿಸುತ್ತದೆ, ಅವರನ್ನು ಪೂರ್ತಿ ತೆಗೆದುಹಾಕಿದರೆ? ಅಕ್ಕಯಮ್ಮ ಎಲೆಯಡಿಕೆ ಚೀಲ ಬಿಚ್ಚಿ, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಮಡಿಚಿ, ಬಾಯಿಗಿಟ್ಟುಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಯೋಚಿಸಿದಳು.

"ಪೂರ್ತಿ ಯಾಕೆ? ನಂದು ಪೂರ್ತಿ ಓಯ್ತಾ? ಒಲ ಬಂತಲ್ಲ ತಿರ್ಗ. ಅಂಗಂತ ಸುಮ್ಕೆ ಬಿಟ್ರೂ ತೆಪ್ಪೇಯ. ಆಸಾಡ್ದಾಗೆ ಬಿತ್ತಿದ್ರೆ ನಮ್ಮ ರಾಗಿ ಕಣಕ್ಕೆ ಬರೋಕೆ ಆರು ತಿಂಗ್ಳು. ನಂದೊಂದು ಬೆಳೆ ಓಯ್ತು. ಅವಂದೂ ಒಂದು ಬೆಳೆ ಓಗ್ಲಿ. ಸರಿಗೆ ಸರಿ. ಆಮ್ಯಾಕೆ ಬಂದು ಕೆಲ್ಸ ಮಾಡ್ಕೊಳ್ಲಿ."

ಒಂದು ಬೆಳೆ. ಮುನಿವೆಂಕಟಪ್ಪನಿಗೆ ಎದೆ ಹಗುರವಾಯಿತು. ಮೂರು ದಿನ ಕಾನೂನಿನ ಪುಸ್ತಕಗಳಲ್ಲಿ, ಹಳೆಯ ತೀರ್ಪುಗಳಲ್ಲಿ ಹುಡುಕಿದ ಅಳತೆಗೋಲು ಜಗಲಿಗೆ ಬಂದು ಕೂತಿತ್ತು. ಒಳಗೆ ಹೋಗಿ, ಎರಡೂ ಕಡೆ ಬರೆದ ಹಾಳೆಯನ್ನು ಹರಿದು, ಹೊಸ ಹಾಳೆಯ ಮೇಲೆ ಒಂದೇ ಉಸಿರಿಗೆ ಬರೆದ: ಆರು ತಿಂಗಳು ಅಮಾನತು, ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ, ತಪ್ಪಿನಿಂದ ಕಕ್ಷಿಗಾರಳಿಗೆ ಒಂದು ಬೆಳೆಯ ನಷ್ಟವಾಗಿದೆ, ಶಿಕ್ಷೆಯೂ ಒಂದು ಬೆಳೆಯಷ್ಟಿರುವುದು ನ್ಯಾಯ. ಹೈಕೋರ್ಟಿನವರು ಏನಾದರೂ ಮಾಡಿಕೊಳ್ಳಲಿ, ಇಷ್ಟು ನೇರವಾದ ವಾಕ್ಯವನ್ನು ಅವನು ಎಷ್ಟೋ ವರ್ಷದಿಂದ ಬರೆದಿರಲಿಲ್ಲ. ಹಾಳೆ ಹಿಡಿದು ಜಗಲಿಗೆ ಬಂದ, ನಿಂತೇ ಓದತೊಡಗಿದ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡ. ಇಂಗ್ಲಿಷಿನದು ಕನ್ನಡಕ್ಕೆ ಬರುತ್ತಿಲ್ಲ. ವೃತ್ತಿಧರ್ಮ ಅಂದರೆ? ವಿಶ್ವಾಸಭಂಗ ಅಂದರೆ? ಅಕ್ಕಯಮ್ಮ ಒಂದೊಂದಕ್ಕೂ ಅಂಗಂದ್ರೇನು ಎನ್ನುತ್ತಿದ್ದಳು. ಮೂವತ್ತು ವರ್ಷ ಅವನು ಮಾಡಿದೆನೆಂದು ರುಜು ಹಾಕಿದ ಕೆಲಸ ಇದು, ಇವತ್ತೇ ಮೊದಲ ಸಲ ಮಾಡುತ್ತಿರುವುದು. ಬೆವರು ಬಂತು. ಕೂತು ಓದಿದ. ಮಾತು ಬಿಡಿಸಿದ. ನಂಬಿ ಕೈ ಕೊಟ್ಟೋಳ ಕೈ ಬಿಟ್ಟಿದ್ದು, ಎಂದು ಹೇಳಿದಾಗ ಅವಳು ಹೂ ಎಂದಳು. ಹಾಗೆ ಬಿಡಿಸಿ ಹೇಳುವುದರಲ್ಲಿ ಒಂದು ಸಂತೋಷ ಇತ್ತು, ಇಷ್ಟು ದಿನ ಯಾಕೆ ಇದನ್ನು ಬಿಟ್ಟೆ ಎನ್ನುವಷ್ಟು. ಓದಿ ಮುಗಿಯಿತು. ಆಯಿತಲ್ಲ ಎಂದು ಹಾಳೆ ಮಡಿಚಲು ಹೊರಟ.

"ಒಂದು ಮಾತು ತಿಳೀಲಿಲ್ಲ" ಎಂದಳು ಅಕ್ಕಯಮ್ಮ. "ಆ ಅಯ್ಯರ ಉಡುಗ ಒಳ್ಳೇನೇಯ, ಸುಳ್ಳಾಡೋ ಮುಖ ಅಲ್ಲ. ನಮ್ಮ ಮಾತು ತನಗೆ ಬರಾಕಿಲ್ಲ ಅಂತ ಅವ್ನಿಗೇ ಗೊತ್ತು. ಗೊತ್ತಿದ್ದೂ ಎಂಗೆ ರುಜು ಹಾಕ್ದ? ಯಾರು ಏಳ್ಕೊಟ್ರು ಅವ್ನಿಗೆ?"

ಹಾಳೆಯಲ್ಲಿ ಅದಿರಲಿಲ್ಲ. ಅವಳಿಗೆ ಓದು ಬಾರದು, ಆದರೆ ಬರೆಯದೆ ಬಿಟ್ಟದ್ದು ಅವಳಿಗೆ ಕಂಡಿತ್ತು. ಮುನಿವೆಂಕಟಪ್ಪ ರಸ್ತೆಯ ಕಡೆ ನೋಡಿದ. ಯಾರೋ ಎತ್ತಿಗೆ ನೀರು ಕುಡಿಸುತ್ತಿದ್ದರು. ಯಾರಿಗೆ ಗೊತ್ತಮ್ಮ, ಎಂದುಬಿಡಬಹುದಾಗಿತ್ತು. ಹುಡುಗ ಹೇಳಿಲ್ಲ, ಇನ್ನು ಹೇಳುವುದೂ ಇಲ್ಲ. ಒಂದು ಬಾರಿ ಬಾಯಿಗೆ ಬಂದೂ ಇತ್ತು. ಮೂವತ್ತು ವರ್ಷದ ಒಳ್ಳೆಯ ಹೆಸರು, ಮುನ್ಸೀಫರು ಕೊಟ್ಟ ಕುರ್ಚಿ, ಸಂಘದ ಅಧ್ಯಕ್ಷತೆ, ಎಲ್ಲ ಆ ಒಂದು ಮಾತಿನ ಹಿಂದೆ ಬೆಚ್ಚಗೆ ಕೂತಿದ್ದವು.

"ನಾನೇ" ಎಂದ.

"ಏನಂತ?"

"ಓದಿ ಹೇಳ್ತಾ ಕೂತ್ರೆ ಆಗಲ್ಲ, ಹಾಕು ಅಂತ. ನಾನೂ ಯಾರಿಗೂ ಓದಿ ಹೇಳಿಲ್ಲ. ನನಗೆ ಕನ್ನಡ ಬರ್ತದೆ, ಆದ್ರೂ ಹೇಳಿಲ್ಲ."

ಅಕ್ಕಯಮ್ಮ ಕೈಯಲ್ಲಿದ್ದ ಎಲೆಯನ್ನು ಈಗ ಬಾಯಿಗೆ ಹಾಕಿಕೊಂಡಳು. ಅಗಿದಳು. ಅವಳು ಬೈದರೆ ಎದ್ದು ಒಳಗೆ ಹೋಗಬಹುದಾಗಿತ್ತು, ಅತ್ತರೆ ಸಮಾಧಾನ ಮಾಡಬಹುದಾಗಿತ್ತು. ಅವಳು ಲೆಕ್ಕ ಹಾಕುವವಳ ಹಾಗೆ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಂಗಾರೆ ನಿಂದು ಎರಡು ಬೆಳೆ."

ಅವನು ಒಳಗಿಂದ ದೌತಿ, ಲೇಖನಿ ತಂದು ಜಗಲಿಯ ಮೇಲೇ ಕೂತು, ಹಾಳೆಯ ಕೆಳಗಿದ್ದ ಜಾಗದಲ್ಲಿ ಬರೆದ. ಈ ಅಭ್ಯಾಸವನ್ನು ಪಂಚಾಪಕೇಶನ್‌ಗೆ ಹೇಳಿಕೊಟ್ಟವನು ನಾನು. ಈ ಸುಳ್ಳು ರುಜುವನ್ನು ಅವನಿಗಿಂತ ಹೆಚ್ಚು ಸಲ, ಅವನಿಗಿರುವ ನೆಪವೂ ಇಲ್ಲದೆ, ನಾನು ಹಾಕಿದ್ದೇನೆ. ಸಂಘದ ಅಧ್ಯಕ್ಷ ಸ್ಥಾನ ಬಿಡುತ್ತೇನೆ. ಇವತ್ತಿನಿಂದ ಒಂದು ವರ್ಷ ನಾನಾಗಿಯೇ ಕೋರ್ಟಿಗೆ ಬರುವುದಿಲ್ಲ. ಅದು ಸಾಲದೆಂದು ಕಂಡರೆ ಘನ ನ್ಯಾಯಾಲಯ ಹೆಚ್ಚಿಸಬಹುದು. ಅಕ್ಕಯಮ್ಮ ಬಗ್ಗಿ ಮಸಿ ಒಣಗುವುದನ್ನೇ ನೋಡುತ್ತಿದ್ದಳು.

"ಏನು ಬರ್ದೆ?"

"ರಾಗಿ ಒಂದು, ಹುರಳಿ ಒಂದು. ಒಂದು ವರ್ಷ."

ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ರಾಮಲಕ್ಷ್ಮಮ್ಮ ಮಜ್ಜಿಗೆಯ ಲೋಟ ಹಿಡಿದು ಹೊರಗೆ ಬಂದಳು. ಲೋಟವನ್ನು ಅಕ್ಕಯಮ್ಮನ ಕೈಗೆ ಕೊಟ್ಟು, "ವರ್ಸಾ ಪೂರ್ತಿ ಇವ್ರು ಮನೇಲೇ ಇರ್ತಾರಾ? ಅದು ನಾನು ಮಾಡಿದ ಯಾವ ತಪ್ಪಿಗಮ್ಮ ಸಿಕ್ಸೆ?" ಎಂದಳು. ಅವಳ ದನಿ ಸ್ವಲ್ಪ ಒಡೆದಿತ್ತು, ಆದರೂ ನಗುತ್ತಿದ್ದಳು. ಅಕ್ಕಯಮ್ಮನಿಗೂ ನಗು ಬಂತು. ಮೂವರೂ ನಕ್ಕರು. ಮುನಿವೆಂಕಟಪ್ಪನಿಗೆ ನಗುತ್ತಿರುವಾಗಲೇ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ತಾನು ಎಲ್ಲಿರುತ್ತೇನೆ ಎಂಬ ಯೋಚನೆ ಬಂತು. ಅದು ಮುಖದ ಮೇಲೆ ಕಂಡಿರಬೇಕು. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಸೆರಗು ಕೊಡವಿಕೊಂಡ ಅಕ್ಕಯಮ್ಮ ಮೆಟ್ಟಿಲ ಹತ್ತಿರ ನಿಂತು ತಿರುಗಿದಳು.

"ಬೆಳೆ ಓಗ್ಬುಟ್ರೆ ಏನೂ ಸಾಯಾಕಿಲ್ಲ ಬಿಡಣ್ಣ" ಎಂದಳು, ಸಮಾಧಾನಕ್ಕೆಂದೇ. "ನೋಡು, ನಾನಿದ್ದೀನಲ್ಲ. ಮಳೆ ಯಾವಾಗ ಬತ್ತದೋ ಅಂತ ದಿನಾ ಮ್ಯಾಕೆ ನೋಡ್ತಿರ್ತೀಯ, ಅಷ್ಟೇಯ."